ಹೈಡ್ರೋಜನ್ ನುಂಗುವ ಲೋಹ, ಉಗುಳುವ ಲೋಹ: ಹಾಸನ, ಚಿಕ್ಕಮಗಳೂರಿನ ಓದುಗರ ಪ್ರಶ್ನೆಗಳು

ಎರಡು ಲೋಹ ಬೆರೆಸಿದ ಮಿಶ್ರಲೋಹಗಳು ಶಕ್ತಿ ಸಂಗ್ರಹಕ್ಕೆ ಹೇಗೆ ಒದಗುತ್ತವೆ ಎಂಬ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ. ಎರಡು ಪತ್ರ ಪ್ರಯೋಗಾಲಯದಿಂದ ಬಂದವು, ಮೂರು ಮನೆಯಿಂದ. ಎಲ್ಲದರಲ್ಲೂ ಕೊನೆಗೆ ಹೈಡ್ರೋಜನ್ನೇ ಎದುರಾಗುವುದರಿಂದ ಒಟ್ಟಿಗೆ ಉತ್ತರಿಸಿದ್ದೇವೆ.

ಪ್ರಶ್ನೆ: ಹೈಡ್ರೋಜನ್ ಹೀರಿಡುವ ಲೋಹದ ಪ್ರಾಜೆಕ್ಟ್‌ಗಾಗಿ ಆರ್ಕ್ ಫರ್ನೇಸ್‌ನಲ್ಲಿ (ವಿದ್ಯುತ್ ಕಿಡಿಯಿಂದ ಕರಗಿಸುವ ಕುಲುಮೆ) ಟೈಟಾನಿಯಂ-ಕಬ್ಬಿಣದ 10 ಗ್ರಾಂ ಬಟನ್ (ಗುಂಡಿಯಂಥ ಉಂಡೆ) ಮಾಡಿದೆವು. ಪರಮಾಣು ಲೆಕ್ಕದಲ್ಲಿ ಒಂದಕ್ಕೊಂದು ಬರುವಂತೆ ತೂಗಿ, ಎರಡು ಸಲ ಕರಗಿಸಿದೆವು. ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಹರಳಿನ ರಚನೆ ತಿಳಿಯುವ ಪರೀಕ್ಷೆ) ನೋಡಿದರೆ ಟೈಟಾನಿಯಂ ಒಂದಕ್ಕೆ ಕಬ್ಬಿಣ ಎರಡು ಇರುವ ಫೇಸ್‌ನ (ತನ್ನದೇ ಹರಳು ರಚನೆ ಇರುವ ಭಾಗದ) ಗೆರೆಗಳೂ ಇವೆ. ಪುಡಿ ಮಾಡಿ 30 ಬಾರ್ (ಗಾಳಿಯ ಒತ್ತಡದ ಸುಮಾರು 30 ಪಟ್ಟು) ಹೈಡ್ರೋಜನ್ ಕೊಟ್ಟು ಒಂದು ರಾತ್ರಿ ಬಿಟ್ಟರೂ ಒತ್ತಡ ಇಳಿಯಲಿಲ್ಲ. ಎಲ್ಲಿ ತಪ್ಪಿತು? (ಎಂ.ಟೆಕ್ ವಿದ್ಯಾರ್ಥಿಗಳು, ಹಾಸನ)

ಉತ್ತರ: ಇಲ್ಲಿ ಎರಡು ತೊಂದರೆಗಳಿವೆ, ಒಂದಕ್ಕೊಂದು ಸಂಬಂಧವಿಲ್ಲ. ಎಕ್ಸ್‌ಆರ್‌ಡಿಯಲ್ಲಿ ಕಂಡದ್ದು ಕರಗಿಸುವಾಗಿನ ತೊಂದರೆ. ಹೈಡ್ರೋಜನ್ ಹೀರದೇ ಹೋದದ್ದು ಬಹುಪಾಲು ಮೇಲ್ಮೈಯ ತೊಂದರೆ. ಮೊದಲನೆಯದನ್ನು ಪೂರ್ತಿ ಸರಿಪಡಿಸಿದರೂ ಎರಡನೆಯದು ಹಾಗೇ ಉಳಿದಿರುತ್ತದೆ.

ಮೊದಲು ಕರಗಿಸುವ ವಿಚಾರ. ಒಂದಕ್ಕೊಂದು ಇರುವ ಟೈಟಾನಿಯಂ-ಕಬ್ಬಿಣ ದ್ರವದಿಂದ ನೇರವಾಗಿ ಗಟ್ಟಿಯಾಗುವ ವಸ್ತುವಲ್ಲ. ತಣಿಯುವ ದ್ರವದಲ್ಲಿ ಮೊದಲು ಹರಳುಗಟ್ಟುವುದು ಕಬ್ಬಿಣ ಹೆಚ್ಚಿರುವ ಆ ಇನ್ನೊಂದು ಫೇಸ್. ಸುಮಾರು 1317 ಡಿಗ್ರಿಗೆ ಇಳಿದಾಗ ಅದೂ ಉಳಿದ ದ್ರವವೂ ಸೇರಿ ನಿಮಗೆ ಬೇಕಾದ ಫೇಸ್ ಆಗಬೇಕು. ಆದರೆ ಹೊಸ ಫೇಸ್ ಹಳೆಯ ಹರಳಿನ ಸುತ್ತ ಚಿಪ್ಪಿನಂತೆ ಕಟ್ಟಿಕೊಳ್ಳುತ್ತದೆ. ಒಳಗಿನ ಹರಳಿಗೂ ಹೊರಗಿನ ದ್ರವಕ್ಕೂ ಆಮೇಲೆ ಸಂಪರ್ಕವೇ ಇರುವುದಿಲ್ಲ. ಹಬೆ ಸಾಲದ ಕಡುಬಿನ ಹೊರಗೆಲ್ಲ ಬೆಂದು ನಡುವೆ ಹಸಿ ಹಿಟ್ಟು ಉಳಿಯುವುದಿಲ್ಲವೇ, ಹಾಗೆ. ಮಿಕ್ಕ ದ್ರವ ಟೈಟಾನಿಯಂ ಹೆಚ್ಚಿಸಿಕೊಳ್ಳುತ್ತಾ ಹೋಗಿ 1085 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಆರ್ಕ್ ಫರ್ನೇಸ್‌ನ ತಾಮ್ರದ ತಟ್ಟೆಯೊಳಗೆ ಸದಾ ತಣ್ಣೀರು ಹರಿಯುವುದರಿಂದ ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿದಿರುತ್ತದೆ. ನೀವು ಎಷ್ಟೇ ಸರಿಯಾಗಿ ತೂಗಿದರೂ ಬಟನ್‌ನೊಳಗೆ ಮೂರು ಫೇಸ್ ಇರಬಹುದು.

ಇದಕ್ಕೆ ಉಪಾಯ ಹದ ಕಾಯಿಸುವುದು. ಬಟನ್ನನ್ನು ಟ್ಯಾಂಟಲಮ್ ಹಾಳೆಯಲ್ಲಿ ಸುತ್ತಿ, ಕ್ವಾರ್ಟ್ಜ್ ಕೊಳವೆಯಲ್ಲಿ ಹಾಕಿ, ಗಾಳಿ ತೆಗೆದು ಮುಚ್ಚಿ, 1000 ಡಿಗ್ರಿಯಲ್ಲಿ ಕನಿಷ್ಠ ಮೂರು ದಿನ ಇಡಿ. ಒಂದು ವಾರ ಇಟ್ಟರೆ ಇನ್ನೂ ಒಳ್ಳೆಯದು. ಹಾಳೆ ಸುತ್ತುವುದನ್ನು ಮರೆತರೆ ಟೈಟಾನಿಯಂ ಕ್ವಾರ್ಟ್ಜ್‌ನಿಂದಲೇ ಆಮ್ಲಜನಕ, ಸಿಲಿಕಾನ್ ಎರಡನ್ನೂ ಕಿತ್ತುಕೊಳ್ಳುತ್ತದೆ. ಕೊಳವೆಯ ಒಳಮೈ ಕಪ್ಪಾದರೆ ಹಾಗಾಗಿದೆ ಎಂದೇ ತಿಳಿಯಿರಿ.

ಕರಗಿಸುವ ಕ್ರಮದಲ್ಲೂ ಕೆಲವು ಬದಲಾವಣೆ ಬೇಕು. 10 ಗ್ರಾಂ ಬಟನ್‌ಗೆ ಟೈಟಾನಿಯಂ 4.615 ಗ್ರಾಂ, ಕಬ್ಬಿಣ 5.385 ಗ್ರಾಂ. (ತಲಾ 5 ಗ್ರಾಂ ಹಾಕಿ ಒಂದಕ್ಕೊಂದು ಎಂದು ಬರೆದುಕೊಳ್ಳುವವರೂ ಇದ್ದಾರೆ. ತೂಕದ ಸಮ ಬೇರೆ, ಪರಮಾಣುವಿನ ಸಮ ಬೇರೆ.) ನಮ್ಮ ಸಲಹೆ ಟೈಟಾನಿಯಂ ಅನ್ನು ಪರಮಾಣು ಲೆಕ್ಕದಲ್ಲಿ ಶೇ. 5ರಷ್ಟು ಹೆಚ್ಚಿಸಿ, ಅಂದರೆ 4.737 ಗ್ರಾಂಗೆ ಕಬ್ಬಿಣ 5.263 ಗ್ರಾಂ ತೆಗೆದುಕೊಳ್ಳಿ. ಆ ಹೆಚ್ಚುವರಿ ಟೈಟಾನಿಯಂ ಹೈಡ್ರೋಜನ್ನನ್ನು ಬೇಗ ಹೀರಿ ಹಿಗ್ಗುತ್ತದೆ, ಪಕ್ಕದಲ್ಲಿ ಬಿರುಕು ಎಬ್ಬಿಸಿ ಉಳಿದ ಲೋಹಕ್ಕೂ ದಾರಿ ಮಾಡಿಕೊಡುತ್ತದೆ. ಸ್ಪಾಂಜ್ ಟೈಟಾನಿಯಂ ಬಳಸಬೇಡಿ. ಅದರ ರಂಧ್ರಗಳಲ್ಲಿ ಉಳಿದ ಕ್ಲೋರೈಡ್ ಆರ್ಕ್ ತಗುಲಿದೊಡನೆ ಸಿಡಿಯುತ್ತದೆ, ತೂಕದ ಲೆಕ್ಕ ಅಲ್ಲಿಗೇ ತಪ್ಪುತ್ತದೆ. ಸರಳನ್ನು ಕತ್ತರಿಸಿದ ತುಂಡು ಒಳ್ಳೆಯದು. ಕಬ್ಬಿಣವೂ ವಿದ್ಯುದ್ವಿಭಜನೆಯಿಂದ ತೆಗೆದ ಶುದ್ಧ ಕಬ್ಬಿಣವಾಗಿರಲಿ. ವರ್ಕ್‌ಶಾಪ್‌ನ ಎಂ.ಎಸ್. (ಮೈಲ್ಡ್ ಸ್ಟೀಲ್) ತುಂಡಿನಲ್ಲಿರುವ ಇಂಗಾಲ ಟೈಟಾನಿಯಂ ಜೊತೆ ಸೇರಿ ಕಾರ್ಬೈಡ್ ಆಗಿ ಕುಳಿತುಬಿಡುತ್ತದೆ. ಮಳೆಗಾಲದಲ್ಲಂತೂ ಕಬ್ಬಿಣದ ಚೂರನ್ನು ಸಾರಯುಕ್ತವಲ್ಲದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ತೊಳೆದು, ಒಣಗಿಸಿ, ಅಂದೇ ಬಳಸಿ. ಕಣ್ಣಿಗೆ ಕಾಣದ ತುಕ್ಕೂ ಆಮ್ಲಜನಕವೇ.

ಕೋಣೆಯ ಗಾಳಿ ತೆಗೆದು ಆರ್ಗಾನ್ ತುಂಬುವುದನ್ನು ಮೂರು ಸಲ ಮಾಡಿ. ನಂತರ ಮಿಶ್ರಣಕ್ಕೆ ಆರ್ಕ್ ತಾಗಿಸುವ ಮೊದಲು, ಪಕ್ಕದ ಗುಳಿಯಲ್ಲಿಟ್ಟ ಬೇರೆ ಟೈಟಾನಿಯಂ ಗುಂಡನ್ನು ಒಂದೆರಡು ನಿಮಿಷ ಕರಗಿಸಿ. ಕೋಣೆಯಲ್ಲಿ ಉಳಿದ ಆಮ್ಲಜನಕವನ್ನು ಅದು ತಿನ್ನುತ್ತದೆ. ತಣಿದ ಮೇಲೆ ಆ ಗುಂಡು ಬೆಳ್ಳಿಯಂತೆ ಹೊಳೆಯಬೇಕು. ಹಳದಿ, ನೀಲಿ ಬಣ್ಣ ಬಂದಿದ್ದರೆ ಕೆಲಸ ನಿಲ್ಲಿಸಿ ಲೀಕ್ ಹುಡುಕಿ. ಇದನ್ನು ಕಡೆಗಣಿಸಿ ಮುಂದುವರಿದ ಬಟನ್‌ಗಳು ಆಮೇಲೆ ಯಾವ ಉಪಚಾರಕ್ಕೂ ಬಗ್ಗುವುದಿಲ್ಲ. ಎರಡು ಸಲ ಕರಗಿಸಿದ್ದು ಸಾಲದು, ಪ್ರತಿ ಸಲ ಮಗುಚಿ ಐದು ಸಲವಾದರೂ ಕರಗಿಸಿ. ಕೊನೆಗೆ ತೂಗಿದಾಗ ನಷ್ಟ 0.05 ಗ್ರಾಂ ದಾಟಿದ್ದರೆ ಯಾವ ಲೋಹ ಹೋಯಿತೆಂದು ಊಹಿಸುತ್ತ ಕೂರದೆ ಹೊಸದು ಮಾಡುವುದೇ ಲೇಸು.

ಇನ್ನು ಹೈಡ್ರೋಜನ್ ಹೀರದ ವಿಚಾರ. ಈ ಮಿಶ್ರಲೋಹದ ಗುಣವನ್ನು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ರೈಲಿ ಮತ್ತು ವಿಸ್ವಾಲ್ 1974ರಲ್ಲಿ ಪ್ರಕಟಿಸಿದಾಗಲೇ ಅದರ ಜಿಗುಟುತನವೂ ಗೊತ್ತಾಗಿತ್ತು. ಗಾಳಿ ಕಂಡ ಮೇಲ್ಮೈಯಲ್ಲಿ ಆಕ್ಸೈಡ್ ಪೊರೆ ಇರುತ್ತದೆ, ಅದರ ಮೇಲೆ ಹೈಡ್ರೋಜನ್ ಅಣು ಒಡೆದು ಪರಮಾಣುವಾಗುವುದಿಲ್ಲ. ನೀವು ಪುಡಿ ಮಾಡಿದ್ದು ಗಾಳಿಯಲ್ಲಾದರೆ, ನುಣ್ಣಗೆ ಅರೆದಷ್ಟೂ ಪೊರೆಯನ್ನೇ ಹೆಚ್ಚಿಸಿದಂತಾಯಿತು. 1-2 ಮಿ.ಮೀ. ಚೂರು ಸಾಕು, ಮುಂದಿನ ಪುಡಿ ಮಾಡುವ ಕೆಲಸವನ್ನು ಹೈಡ್ರೋಜನ್ನೇ ಮಾಡುತ್ತದೆ.

ಆಕ್ಟಿವೇಶನ್ (ಲೋಹವನ್ನು ಹೈಡ್ರೋಜನ್ ಹೀರಲು ಒಗ್ಗಿಸುವುದು) ಹೀಗೆ ಮಾಡಿ: 2 ಗ್ರಾಂ ಚೂರನ್ನು ಸ್ಟೀಲ್ ರಿಯಾಕ್ಟರ್‌ನಲ್ಲಿಟ್ಟು ವ್ಯಾಕ್ಯೂಮ್‌ನಲ್ಲಿ 400 ಡಿಗ್ರಿಗೆ ಎರಡು ಗಂಟೆ ಕಾಯಿಸಿ. ಅದೇ ಬಿಸಿಯಲ್ಲಿ 7 ಬಾರ್‌ನಷ್ಟು ಹೈಡ್ರೋಜನ್ ಬಿಟ್ಟು ಅರ್ಧ ಗಂಟೆ ಇಟ್ಟು, ಮತ್ತೆ ವ್ಯಾಕ್ಯೂಮ್ ಮಾಡಿ, ಕೋಣೆಯ ಬಿಸಿಗೆ ಇಳಿಸಿ, ಈಗ 60 ಬಾರ್ ಹತ್ತಿರ ಕೊಡಿ. ನಿಮ್ಮ ವ್ಯವಸ್ಥೆ 30 ಬಾರ್ ಮಾತ್ರ ತಡೆಯುವುದಾದರೆ ಆಸೆಪಟ್ಟು ಏರಿಸಬೇಡಿ, ಸುತ್ತುಗಳನ್ನು ಹೆಚ್ಚಿಸಿ. ಮೊದಲ ಸುತ್ತಿನಲ್ಲಿ ಏನೂ ಆಗದಿರಬಹುದು. ನಾಲ್ಕನೆಯದರಲ್ಲೋ ಎಂಟನೆಯದರಲ್ಲೋ ಒತ್ತಡ ಇಳಿಯತೊಡಗುತ್ತದೆ. ಸಿಲಿಂಡರ್ ಗ್ಯಾಸ್ ಶೇ. 99.999 ಶುದ್ಧವಿರಲಿ. ನೀರಾವಿ, ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್ ಅತ್ಯಲ್ಪವಿದ್ದರೂ ಮೇಲ್ಮೈ ಮತ್ತೆ ಮುಚ್ಚಿಕೊಳ್ಳುತ್ತದೆ. ಬಿಸಿಯಾಗುವ ಭಾಗದ ಹತ್ತಿರ ರಬ್ಬರ್ ಓ-ರಿಂಗ್ ಇರಕೂಡದು. ಇಷ್ಟು ತಾಳ್ಮೆ ಇಲ್ಲವೆಂದರೆ ಕಬ್ಬಿಣದ ಹತ್ತನೇ ಒಂದು ಪಾಲಿನ ಜಾಗದಲ್ಲಿ ಮ್ಯಾಂಗನೀಸ್ ಹಾಕಿದರೆ ಆಕ್ಟಿವೇಶನ್ ಬಹಳ ಸುಲಭ. ಆದರೆ ಆಗ ಅದು ಜೋಡಿಲೋಹವಲ್ಲ, ನಿಮ್ಮ ಗೈಡ್ ಒಪ್ಪಬೇಕು.

ಹೀರಿತೋ ಇಲ್ಲವೋ ಎಂದು ತಿಳಿಯಲು ಒಂದು ಲೆಕ್ಕ. ಪೂರ್ತಿ ಹೀರಿದರೆ ತೂಕದ ಶೇ. 1.8ರಷ್ಟು ಹೈಡ್ರೋಜನ್. 2 ಗ್ರಾಂಗೆ 0.036 ಗ್ರಾಂ. ನಿಮ್ಮ ಒಟ್ಟು ಜಾಗ 100 ಮಿ.ಲೀ. ಎಂದಿಟ್ಟುಕೊಂಡರೆ ಒತ್ತಡ 4.4 ಬಾರ್ ಇಳಿಯಬೇಕು. ಅದೇ 30 ಬಾರ್ ಇರುವಾಗ ಕೋಣೆ 1 ಡಿಗ್ರಿ ತಣ್ಣಗಾದರೂ 0.1 ಬಾರ್ ಇಳಿಯುತ್ತದೆ. ಹಾಸನದ ಡಿಸೆಂಬರ್‌ನಲ್ಲಿ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ 10 ಡಿಗ್ರಿಗಿಂತ ಹೆಚ್ಚು ಅಂತರವಿರುತ್ತದೆ. ಹಾಗಾಗಿ ಬೆಳಿಗ್ಗೆ 1 ಬಾರ್ ಇಳಿದದ್ದನ್ನು ಕಂಡು ಸಿಹಿ ಹಂಚಬೇಡಿ.

ಪ್ರಶ್ನೆ: ನಮ್ಮ ನುಗ್ಗೇಹಳ್ಳಿ ಸುತ್ತ ಸಿಗುವ ಕಪ್ಪು ಅದಿರಿನಲ್ಲಿ ಕಬ್ಬಿಣ, ಟೈಟಾನಿಯಂ ಎರಡೂ ಇದೆ ಎನ್ನುತ್ತಾರೆ. ಎರಡೂ ಒಂದೇ ಕಲ್ಲಿನಲ್ಲಿರುವಾಗ ಬೇರೆ ಮಾಡಿ ಮತ್ತೆ ಸೇರಿಸುವುದೇಕೆ? ನೇರವಾಗಿ ಕರಗಿಸಿದರೆ ಈ ಮಿಶ್ರಲೋಹ ಬಾರದೇ? (ನಿವೃತ್ತ ಶಿಕ್ಷಕರು, ಚನ್ನರಾಯಪಟ್ಟಣ ತಾಲ್ಲೂಕು)

ಉತ್ತರ: ಪ್ರಶ್ನೆ ಚೆನ್ನಾಗಿದೆ, ಉತ್ತರ ಮಾತ್ರ ನಿರಾಸೆಯದು. ನುಗ್ಗೇಹಳ್ಳಿಯ ಶಿಲಾಪಟ್ಟಿಯಲ್ಲಿ ಬೈರಾಪುರದ ಕ್ರೋಮೈಟ್ ಜೊತೆಗೆ ಟೈಟಾನಿಯಂ ಇರುವ ಮ್ಯಾಗ್ನಟೈಟ್ ಇರುವುದು ನಿಜ. ಸ್ವಲ್ಪ ವೆನೇಡಿಯಂ ಕೂಡ ಇದೆ. ಆದರೆ ಕಲ್ಲಿನಲ್ಲಿ ಇರುವುದು ಲೋಹವಲ್ಲ, ಆಕ್ಸೈಡ್. ಆಮ್ಲಜನಕವನ್ನು ಕಬ್ಬಿಣ ಹಿಡಿದಿರುವ ಬಿಗಿ ಬೇರೆ, ಟೈಟಾನಿಯಂ ಹಿಡಿದಿರುವ ಬಿಗಿ ಬೇರೆ. ಒಂದು ಮೋಲ್ ಆಮ್ಲಜನಕವನ್ನು ಬಿಡಿಸಲು ಕಬ್ಬಿಣದ ಆಕ್ಸೈಡ್‌ಗೆ ಸುಮಾರು 500 ಕಿಲೋಜೌಲ್ ಸಾಕು, ಟೈಟಾನಿಯಂ ಡೈಆಕ್ಸೈಡ್‌ಗೆ 890ರ ಹತ್ತಿರ ಬೇಕು. ಇದ್ದಿಲಿನ ಜೊತೆ ಕಾಯಿಸಿದರೆ ಕಬ್ಬಿಣ ಬಿಡುಗಡೆಯಾಗುತ್ತದೆ, ಟೈಟಾನಿಯಂ ಕಿಟ್ಟದಲ್ಲೇ ಉಳಿಯುತ್ತದೆ. ಬಿಸಿ ಇನ್ನೂ ಏರಿಸಿ ಹಟ ಹಿಡಿದರೆ ಟೈಟಾನಿಯಂ ಆಮ್ಲಜನಕವನ್ನು ಬಿಟ್ಟು ಇಂಗಾಲವನ್ನು ಅಪ್ಪಿಕೊಂಡು ಕಾರ್ಬೈಡ್ ಆಗುತ್ತದೆ. ಊದುಕುಲುಮೆಯಲ್ಲಿ ಇಂಥ ಅದಿರು ಹೆಚ್ಚಾದರೆ ಕಿಟ್ಟ ಅಂಟಂಟಾಗಿ ಹರಿಯದೆ ಕೂರುವುದಕ್ಕೂ ಕಾರಣ ಇದೇ.

ಅಲ್ಯೂಮಿನಿಯಂ ಪುಡಿ ಬೆರೆಸಿ ಉರಿಸಿದರೆ ಫೆರೋಟೈಟಾನಿಯಂ (ಕಬ್ಬಿಣ-ಟೈಟಾನಿಯಂ ಮಿಶ್ರಲೋಹ) ಬರುತ್ತದೆ. ಉಕ್ಕಿನ ಕಾರ್ಖಾನೆಗಳು ಅದನ್ನು ಕೊಳ್ಳುತ್ತವೆ. ಅದರಲ್ಲಿ ಉಳಿಯುವ ಅಲ್ಯೂಮಿನಿಯಂ, ಆಮ್ಲಜನಕ ಉಕ್ಕಿಗೆ ಅಡ್ಡಿಯಲ್ಲ, ಹೈಡ್ರೋಜನ್ ಸಂಗ್ರಹಕ್ಕೆ ಅಡ್ಡಿ. 2000ದಲ್ಲಿ ಕೇಂಬ್ರಿಜ್‌ನಿಂದ ಪ್ರಕಟವಾದ ಇನ್ನೊಂದು ದಾರಿ ಇದೆ. ಆಕ್ಸೈಡ್ ಬಿಲ್ಲೆಯನ್ನೇ ಕ್ಯಾಥೋಡ್ (ಋಣ ವಿದ್ಯುದ್ವಾರ) ಮಾಡಿ, 900 ಡಿಗ್ರಿಯ ಕರಗಿದ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಮುಳುಗಿಸಿ, 3 ವೋಲ್ಟ್ ಆಸುಪಾಸಿನಲ್ಲಿ ಆಮ್ಲಜನಕವನ್ನು ಹೊರಗೆಳೆಯುವುದು. ಈ ದಾರಿಗೆ ಒಪ್ಪುವ ಕಚ್ಚಾವಸ್ತು ಇಲ್ಮನೈಟ್, ಏಕೆಂದರೆ ಅದರಲ್ಲಿ ಕಬ್ಬಿಣ-ಟೈಟಾನಿಯಂ ಹುಟ್ಟಿನಿಂದಲೇ ಒಂದಕ್ಕೊಂದು. ನಿಮ್ಮೂರಿನ ಅದಿರಿನಲ್ಲಿ ಕಬ್ಬಿಣದ ಪಾಲು ಬಹಳ ಹೆಚ್ಚು, ಹಾಗಾಗಿ ಹೈಡ್ರೋಜನ್ ಹೀರದ ಕಬ್ಬಿಣಪ್ರಧಾನ ಫೇಸೇ ಕೈಗೆ ಬರುತ್ತದೆ. ಒಳ್ಳೆಯ ಇಲ್ಮನೈಟ್ ಇರುವುದು ಕೇರಳದ ಚವರ, ತಮಿಳುನಾಡಿನ ಮನವಾಳಕುರಿಚಿ, ಒಡಿಶಾದ ಛತ್ರಪುರದ ಕಡಲ ಮರಳಿನಲ್ಲಿ.

ಪ್ರಶ್ನೆ: ಮೂಡಿಗೆರೆ ಬಳಿ ಹೋಮ್‌ಸ್ಟೇ ನಡೆಸುತ್ತೇವೆ. ಛಾವಣಿ ಮೇಲೆ ಸೋಲಾರ್ ಇದೆ. ಹಗಲಿನಲ್ಲಿ ಉಳಿಯುವ ಕರೆಂಟ್‌ನಿಂದ ಹೈಡ್ರೋಜನ್ ಮಾಡಿ, ಲ್ಯಾಂಥನಂ-ನಿಕ್ಕಲ್ ತುಂಬಿದ ಸಿಲಿಂಡರ್‌ನಲ್ಲಿಟ್ಟು ಅಡುಗೆಗೆ ಬಳಸಬಹುದೇ? ಒತ್ತಡ ಕಡಿಮೆ, ಅಪಾಯವಿಲ್ಲ ಎಂದು ಕೇಳಿದೆವು. (ಮೂಡಿಗೆರೆ)

ಉತ್ತರ: ಒತ್ತಡ ಕಡಿಮೆ ಎಂಬುದು ನಿಜ. ಲ್ಯಾಂಥನಂ ಒಂದಕ್ಕೆ ನಿಕ್ಕಲ್ ಐದು ಇರುವ ಈ ಮಿಶ್ರಲೋಹ 25 ಡಿಗ್ರಿಯಲ್ಲಿ ಸುಮಾರು 2 ಬಾರ್‌ನಲ್ಲೇ ಹೈಡ್ರೋಜನ್ನನ್ನು ಒಳಗೆ ಬಿಟ್ಟುಕೊಳ್ಳುತ್ತದೆ. 1960ರ ದಶಕದ ಕೊನೆಯಲ್ಲಿ ನೆದರ್‌ಲೆಂಡ್ಸ್‌ನ ಫಿಲಿಪ್ಸ್ ಪ್ರಯೋಗಾಲಯದವರು ಆಯಸ್ಕಾಂತಕ್ಕೆ ಬೇಕಾದ ಇದೇ ಜಾತಿಯ ಲೋಹಗಳ ಬೆನ್ನು ಹತ್ತಿದಾಗ ಸಿಕ್ಕಿದ ಗುಣ ಇದು. ಟೈಟಾನಿಯಂ-ಕಬ್ಬಿಣದಷ್ಟು ಹಟ ಇದಕ್ಕಿಲ್ಲ, ಕೋಣೆಯ ಬಿಸಿಯಲ್ಲೇ ಒಂದೆರಡು ಸುತ್ತಿನಲ್ಲಿ ಒಗ್ಗುತ್ತದೆ.

ಆದರೆ ತೂಕ ನೋಡಿ. 1 ಕೆ.ಜಿ. ಲೋಹ ಹಿಡಿಯುವುದು ಹೆಚ್ಚೆಂದರೆ 14 ಗ್ರಾಂ ಹೈಡ್ರೋಜನ್, ಅಂದರೆ 155 ಲೀಟರ್ ಅನಿಲ. ಉರಿಸಿದರೆ 0.46 ಯೂನಿಟ್ ಶಾಖ. ಒಲೆಯಲ್ಲಿ ಪೋಲಾಗುವುದನ್ನು ಕಳೆದರೆ ಮೂರು ಲೀಟರ್ ನೀರು ಕುದಿಯುವಷ್ಟು. ಅದನ್ನು ತಯಾರಿಸಲು ನೀವು ಖರ್ಚು ಮಾಡುವ ಕರೆಂಟ್ ಒಳ್ಳೆಯ ಯಂತ್ರದಲ್ಲೂ ಮುಕ್ಕಾಲು ಯೂನಿಟ್. 14.2 ಕೆ.ಜಿ.ಯ ಒಂದು ಅಡುಗೆ ಗ್ಯಾಸ್ ಸಿಲಿಂಡರ್‌ಗೆ ಸಮನಾಗಬೇಕಾದರೆ ಸುಮಾರು 400 ಕೆ.ಜಿ. ಮಿಶ್ರಲೋಹ ಬೇಕು. ಜರ್ಮನಿಯ 212 ಮಾದರಿಯ ಜಲಾಂತರ್ಗಾಮಿಗಳು ಲೋಹದಲ್ಲೇ ಹೈಡ್ರೋಜನ್ ಇಟ್ಟುಕೊಳ್ಳುತ್ತವೆ. ಮುಳುಗಬೇಕಾದ ಹಡಗಿಗೆ ತೂಕ ಹೊರೆಯಲ್ಲ. ನಿಮಗೆ ಹಾಗಲ್ಲ.

ಶಾಖದ ಆಟವೂ ಇದೆ. ತುಂಬುವಾಗ ಪ್ರತಿ ಕೆ.ಜಿ. ಲೋಹ 210 ಕಿಲೋಜೌಲ್‌ಗೂ ಹೆಚ್ಚು ಶಾಖ ಬಿಡುತ್ತದೆ, ಒಂದು ಲೀಟರ್ ನೀರನ್ನು 50 ಡಿಗ್ರಿ ಏರಿಸುವಷ್ಟು. ತಣಿಸದಿದ್ದರೆ ಲೋಹ ಬಿಸಿಯಾಗಿ, ಒಳಗಿನ ಒತ್ತಡ ಏರಿ, ತುಂಬುವುದೇ ನಿಂತುಹೋಗುತ್ತದೆ. ಬಳಸುವಾಗ ಇದು ತಿರುಗುಮುರುಗು: ಅಷ್ಟೇ ಶಾಖವನ್ನು ಹೊರಗಿನಿಂದ ಎಳೆದುಕೊಳ್ಳುತ್ತದೆ. ಒಲೆ ಹಚ್ಚಿ ಹತ್ತು ನಿಮಿಷಕ್ಕೆ ಸಿಲಿಂಡರ್ ಮೇಲೆ ಬೆವರು ಮೂಡಿ, ಉರಿ ಕುಗ್ಗುತ್ತದೆ. 38 ಡಿಗ್ರಿಯಲ್ಲಿ 3.4 ಬಾರ್ ಇರುವ ಒತ್ತಡ 15 ಡಿಗ್ರಿಯಲ್ಲಿ 1.3ಕ್ಕೆ, 10 ಡಿಗ್ರಿಯಲ್ಲಿ 1 ಬಾರ್‌ಗೆ ಬರುತ್ತದೆ. ಹೊರಗಿನ ಗಾಳಿಯ ಒತ್ತಡವೂ ಅಷ್ಟೇ ಇರುವುದರಿಂದ ಅನಿಲ ಹೊರಡುವುದೇ ಇಲ್ಲ. ನಿಮ್ಮೂರಿನ ಮಾಗಿ ಚಳಿಯಲ್ಲಿ ಬೆಳಗಿನ ಕಾಫಿಗೆ ಮೊದಲು ಸಿಲಿಂಡರ್‌ಗೇ ಬಿಸಿನೀರು ಕಾಯಿಸಬೇಕಾದೀತು! 80 ಡಿಗ್ರಿ ನೀರು ಸುತ್ತ ಹರಿಸಿದರೆ ಒತ್ತಡ 14 ಬಾರ್‌ವರೆಗೆ ಏರುತ್ತದೆ, ಆದ್ದರಿಂದ ಪಾತ್ರೆಯನ್ನು 2 ಬಾರ್ ನೋಡಿ ಕಟ್ಟುವಂತಿಲ್ಲ.

ಅಪಾಯವಿಲ್ಲ ಎಂದವರು ಲೋಹ ಹಿಗ್ಗುವುದನ್ನು ಮರೆತಿದ್ದಾರೆ. ಹೈಡ್ರೋಜನ್ ತುಂಬಿದಾಗ ಲೋಹದ ಗಾತ್ರ ಶೇ. 25ರಷ್ಟು ಹೆಚ್ಚುತ್ತದೆ. ನಾಲ್ಕಾರು ಸುತ್ತಿನಲ್ಲಿ ಗಟ್ಟಿ ತುಂಡು ರಾಗಿ ಹಿಟ್ಟಿಗಿಂತ ನುಣ್ಣಗಿನ ಪುಡಿಯಾಗುತ್ತದೆ. ಕೊಳವೆಯನ್ನು ನಿಲ್ಲಿಸಿಟ್ಟರೆ ಪುಡಿ ತಳದಲ್ಲಿ ಬಿಗಿದು ಕೂರುತ್ತದೆ, ಮುಂದಿನ ಸಲ ಹಿಗ್ಗಿದಾಗ ಸ್ಟೀಲ್ ಕೊಳವೆಯನ್ನೂ ಉಬ್ಬಿಸುತ್ತದೆ, ಸೀಳಲೂಬಹುದು. ಅದಕ್ಕೇ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಮಾತ್ರ ತುಂಬಿ, ಅಡ್ಡ ಮಲಗಿಸಿ, ಬಾಯಿಗೆ ಲೋಹದ ಸೂಕ್ಷ್ಮ ಜರಡಿ ಹಾಕುತ್ತಾರೆ. ಒಗ್ಗಿದ ಪುಡಿ ಗಾಳಿಗೆ ಚೆಲ್ಲಿದರೆ ತಾನಾಗಿ ಹೊತ್ತಿಕೊಳ್ಳಬಹುದು. ಹೈಡ್ರೋಜನ್ ಉರಿ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಸಾಮಾನ್ಯ ಗ್ಯಾಸ್ ಬರ್ನರ್‌ನಲ್ಲಿ ಉರಿ ಹಿಂದಕ್ಕೆ ಓಡುತ್ತದೆ. ಅನಿಲ ತುಂಬುವ ಪಾತ್ರೆಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತೆಯ ಕೇಂದ್ರ ಸಂಸ್ಥೆ) ಅನುಮೋದನೆ ಬೇಕು, ಊರಿನ ವೆಲ್ಡರ್ ಕಟ್ಟಿಕೊಟ್ಟದ್ದು ನಡೆಯುವುದಿಲ್ಲ. ಉಳಿದ ಕರೆಂಟನ್ನು ಬ್ಯಾಟರಿಗೆ ಹಾಕಿ ಇಂಡಕ್ಷನ್ ಒಲೆ ಇಡಿ. ತೋಟದಲ್ಲಿ ಪಲ್ಪರ್ ಇದ್ದರೆ ಸಗಣಿ, ಕಾಫಿ ತಿರುಳಿನ ಬಯೋಗ್ಯಾಸ್ ನೋಡಿ. ಅಡುಗೆಗೆ ಇವೆರಡೇ ನಮ್ಮ ಶಿಫಾರಸು.

ಪ್ರಶ್ನೆ: ನಿಕ್ಕಲ್ ಜಾಲರಿ ಮೇಲೆ ನಿಕ್ಕಲ್-ಮಾಲಿಬ್ಡಿನಂ ಲೇಪಿಸಿ, ನೀರಿನಿಂದ ಹೈಡ್ರೋಜನ್ ತೆಗೆಯುವ ಕ್ಯಾಥೋಡ್ ಮಾಡುತ್ತಿದ್ದೇವೆ. ಕೆಲವು ಲೇಪ ಕಪ್ಪು ಹೊಟ್ಟಿನಂತೆ ಉದುರುತ್ತದೆ. ಉದುರದವು ಮೊದಲ ದಿನಕ್ಕಿಂತ ಮೂರನೇ ದಿನ ಚೆನ್ನಾಗಿ ಕೆಲಸ ಮಾಡುತ್ತಿವೆ! ಇದು ಸಹಜವೇ? (ಎಂ.ಎಸ್ಸಿ. ರಸಾಯನಶಾಸ್ತ್ರ, ಚಿಕ್ಕಮಗಳೂರು)

ಉತ್ತರ: ಎರಡನೆಯದಕ್ಕೆ ಮೊದಲು ಬರೋಣ, ಏಕೆಂದರೆ ಖುಷಿ ಕೊಡುವ ತಪ್ಪೇ ಹೆಚ್ಚು ಅಪಾಯಕಾರಿ. ನಿಮ್ಮ ಎದುರಿನ ಇಲೆಕ್ಟ್ರೋಡ್ ಯಾವುದು ಎಂದು ಬರೆದಿಲ್ಲ. ಪ್ಲಾಟಿನಂ ತಂತಿಯಾಗಿದ್ದರೆ ಗುಟ್ಟು ಅಲ್ಲೇ ಇದೆ. ಆನೋಡ್ ಆಗಿರುವ ಪ್ಲಾಟಿನಂ ತುಸುತುಸುವೇ ಕರಗಿ, ದ್ರಾವಣ ದಾಟಿ ಬಂದು, ನಿಮ್ಮ ಜಾಲರಿಯ ಮೇಲೆ ಕೂರುತ್ತದೆ. ಹೈಡ್ರೋಜನ್ ಬಿಡುಗಡೆಗೆ ಪ್ಲಾಟಿನಂನಷ್ಟು ಚುರುಕಾದ ಲೋಹ ಕಡಿಮೆ. ಅಂದರೆ ಮೂರನೇ ದಿನ ನೀವು ಅಳೆದದ್ದು ನಿಮ್ಮ ಮಿಶ್ರಲೋಹವನ್ನಲ್ಲ. ಗ್ರಾಫೈಟ್ ಸರಳು ಅಥವಾ ನಿಕ್ಕಲ್ ತಗಡು ಹಾಕಿ, ಹೊಸ ಜಾಲರಿಯೊಂದಿಗೆ ಮತ್ತೆ ಅಳೆಯಿರಿ.

ಅಳೆಯುವಾಗ ಇನ್ನೆರಡು ಎಚ್ಚರಿಕೆ. 1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಪಾದರಸ-ಮರ್ಕ್ಯುರಿಕ್ ಆಕ್ಸೈಡ್ ರೆಫರೆನ್ಸ್ (ವಿಭವವನ್ನು ಹೋಲಿಸಿ ಅಳೆಯುವ ಇಲೆಕ್ಟ್ರೋಡ್) ಬಳಸಿ. ಬಂದ ಅಂಕಿಗೆ ಸುಮಾರು 0.92 ವೋಲ್ಟ್ ಕೂಡಿದರೆ ಹೈಡ್ರೋಜನ್ ಮಾಪಕಕ್ಕೆ ಬರುತ್ತದೆ. ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಅನ್ನು ಗಂಟೆಗಟ್ಟಲೆ ಕ್ಷಾರದಲ್ಲಿ ಅದ್ದಿಟ್ಟರೆ ಒಳಗೆ ಕ್ಷಾರ ನುಗ್ಗಿ ಅಂಕಿ ಜಾರುತ್ತದೆ. ದ್ರಾವಣದ ರೋಧವನ್ನೂ ಕಳೆಯಿರಿ: 1 ಓಮ್ ಇದ್ದು 100 ಮಿಲಿಆಂಪಿಯರ್ ಹರಿದರೆ 100 ಮಿಲಿವೋಲ್ಟ್ ಅಲ್ಲೇ ಹೋಯಿತು. ಒಳ್ಳೆಯ ಮತ್ತು ಕೆಟ್ಟ ಕ್ಯಾಥೋಡ್‌ಗೆ ಇರುವ ವ್ಯತ್ಯಾಸವೇ ಹಲವು ಸಲ ಅಷ್ಟು.

ಈಗ ಉದುರುವ ಲೇಪ. ಮಾಲಿಬ್ಡಿನಂ ಒಂದನ್ನೇ ನೀರಿನ ದ್ರಾವಣದಿಂದ ಲೋಹವಾಗಿ ಲೇಪಿಸಲು ಬರುವುದಿಲ್ಲ. ನಿಕ್ಕಲ್, ಕೋಬಾಲ್ಟ್, ಕಬ್ಬಿಣ ಈ ಮೂವರಲ್ಲಿ ಒಬ್ಬರು ಕೈ ಹಿಡಿದರೆ ಮಾತ್ರ ಇಳಿಯುತ್ತದೆ. ಆದ್ದರಿಂದ ಮಾಲಿಬ್ಡೇಟ್ ಹೆಚ್ಚು ಸುರಿದಷ್ಟೂ ಲೇಪದಲ್ಲಿ ಮಾಲಿಬ್ಡಿನಂ ಹೆಚ್ಚುತ್ತದೆ ಎಂಬ ಎಣಿಕೆ ಕೆಡುತ್ತದೆ. ಅರೆಬರೆ ಅಪಕರ್ಷಣೆಯಾದ ಕಪ್ಪು ಆಕ್ಸೈಡ್ ಜಮೆಯಾಗಿ, ಕರೆಂಟ್‌ನ ಬಹುಪಾಲು ಗುಳ್ಳೆಯಾಗಿ ಹೋಗುತ್ತದೆ. ನೀವು ಕಂಡ ಹೊಟ್ಟು ಅದೇ ಇರಬೇಕು.

ಒಂದು ಲೀಟರ್‌ಗೆ ಈ ಅಳತೆಯಿಂದ ಶುರು ಮಾಡಿ: ಟ್ರೈಸೋಡಿಯಂ ಸಿಟ್ರೇಟ್ 88 ಗ್ರಾಂ, ನಿಕ್ಕಲ್ ಸಲ್ಫೇಟ್ 52.5 ಗ್ರಾಂ, ಸೋಡಿಯಂ ಮಾಲಿಬ್ಡೇಟ್ 4.8 ಗ್ರಾಂ. ಇದೇ ಕ್ರಮದಲ್ಲಿ ಕರಗಿಸಿ. ಸಿಟ್ರೇಟ್ ಮೊದಲು ಇರದಿದ್ದರೆ ಅಮೋನಿಯಾ ಬಿಡುವಾಗ ನಿಕ್ಕಲ್ ಹೈಡ್ರಾಕ್ಸೈಡ್ ಮೋಡದಂತೆ ಇಳಿಯುತ್ತದೆ. ಅಮೋನಿಯಾದಿಂದ ಪಿ.ಎಚ್. 9.5ಕ್ಕೆ ತನ್ನಿ. ಹಸಿರು ದ್ರಾವಣ ನೀಲಿಗೆ ತಿರುಗುತ್ತದೆ. ಅಮೋನಿಯಾ ಹಾರಿಹೋಗುವುದರಿಂದ ಪ್ರತಿದಿನ ಪಿ.ಎಚ್. ನೋಡಲೇಬೇಕು, ನಿನ್ನೆಯ ದ್ರಾವಣ ಇವತ್ತಿಗೆ ಅದೇ ದ್ರಾವಣವಲ್ಲ. ಚದರ ಸೆಂ.ಮೀ.ಗೆ 60 ಮಿಲಿಆಂಪಿಯರ್, 20 ನಿಮಿಷ, ಚೆನ್ನಾಗಿ ಕಲಕುತ್ತಾ. ಜಾಲರಿಯ ನಿಜವಾದ ಮೇಲ್ಮೈ ಹೊರ ಅಳತೆಗಿಂತ ಹೆಚ್ಚಿರುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ಜಾಲರಿಯ ಸಿದ್ಧತೆ ಅರ್ಧ ಕೆಲಸ. ಅಸಿಟೋನ್‌ನಲ್ಲಿ ಜಿಡ್ಡು ತೆಗೆದು, 3 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 10 ನಿಮಿಷ ಇಟ್ಟು, ತೊಳೆದು, ಒಣಗಲು ಬಿಡದೆ ಹಸಿಯಾಗಿಯೇ ಮುಂದಿನ ತೊಟ್ಟಿಗೆ ಇಳಿಸಿ. ಹಾಗೂ ಹಿಡಿಯದಿದ್ದರೆ ಮೊದಲು ತೆಳುವಾದ ನಿಕ್ಕಲ್ ಪದರ ಕೊಡಿ. ಲೀಟರ್‌ಗೆ ನಿಕ್ಕಲ್ ಕ್ಲೋರೈಡ್ 240 ಗ್ರಾಂ, ಸಾರಯುಕ್ತ ಹೈಡ್ರೋಕ್ಲೋರಿಕ್ ಆಮ್ಲ 120 ಮಿ.ಲೀ., ಚದರ ಸೆಂ.ಮೀ.ಗೆ 50 ಮಿಲಿಆಂಪಿಯರ್‌ನಲ್ಲಿ ಒಂದೆರಡು ನಿಮಿಷ. ಆಮೇಲೂ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟರೆ ಲೇಪ ದಪ್ಪವಾಗಿದೆ, ಒಳಗೆ ಸಿಕ್ಕ ಹೈಡ್ರೋಜನ್ ಅದನ್ನು ಒಳಗಿನಿಂದ ತಳ್ಳುತ್ತಿದೆ. ಸಮಯ ಅರ್ಧಕ್ಕೆ ಇಳಿಸಿ.

ಕೇಳದಿದ್ದರೂ ಒಂದು ಮಾತು: ಮಲೆನಾಡಿನಲ್ಲಿ ಕರೆಂಟ್ ಹೋಗಿ ಬರುತ್ತಿರುತ್ತದೆ. ನಿಕ್ಕಲ್-ಮಾಲಿಬ್ಡಿನಂ ಕೆಡುವುದು ಓಡುವಾಗಲ್ಲ, ನಿಂತಾಗ. ಕರೆಂಟ್ ಹೋದೊಡನೆ ಕ್ಯಾಥೋಡ್‌ನ ವಿಭವ ಮೇಲೇರಿ ಮಾಲಿಬ್ಡಿನಂ ಕ್ಷಾರಕ್ಕೆ ಕರಗಿ ಹೋಗುತ್ತದೆ. ಆದ್ದರಿಂದ ಪೊಟೆನ್ಶಿಯೊಸ್ಟ್ಯಾಟ್‌ಗೆ (ವಿಭವ ಹಿಡಿದಿಡುವ ಯಂತ್ರ) ಯುಪಿಎಸ್ ಕೊಡಿ. ಇಲ್ಲವೇ ದಿನಕ್ಕೆ ಹತ್ತು ಸಲ ನಿಲ್ಲಿಸಿ ಶುರು ಮಾಡುವ ಪರೀಕ್ಷೆಯನ್ನೇ ಪ್ರಬಂಧದ ಅಧ್ಯಾಯ ಮಾಡಿಕೊಳ್ಳಿ. ಸೋಲಾರ್‌ಗೆ ಜೋಡಿಸುವವರಿಗೆ ಬೇಕಾದ ಮಾಹಿತಿ ಅದೇ.

ಪ್ರಶ್ನೆ: ನಮ್ಮ ಅಂಗಡಿಯ ಯುಪಿಎಸ್ ಬ್ಯಾಟರಿ ತಿಂಗಳಿಗೊಮ್ಮೆ ನೀರು ಕೇಳುತ್ತದೆ. ಪಕ್ಕದವರದು ಸೀಲ್ಡ್, ನೀರೇ ಬೇಡ. ಎರಡೂ ಸೀಸದ್ದೇ ಆದರೆ ಈ ವ್ಯತ್ಯಾಸ ಏಕೆ? ಬೋರ್‌ವೆಲ್ ನೀರು ಕಾಯಿಸಿ ಆರಿಸಿ ಹಾಕಬಹುದೇ? (ಅರಸೀಕೆರೆ)

ಉತ್ತರ: ಎರಡೂ ಬರೀ ಸೀಸವಲ್ಲ. ಶುದ್ಧ ಸೀಸ ಮೆತ್ತಗೆ, ಅದರಲ್ಲಿ ಎರಕ ಹೊಯ್ದ ಚೌಕಟ್ಟು ತನ್ನ ಭಾರಕ್ಕೇ ಬಾಗುತ್ತದೆ. ನಿಮ್ಮ ಟ್ಯೂಬುಲರ್ ಬ್ಯಾಟರಿಯಲ್ಲಿ ಗಟ್ಟಿತನಕ್ಕೆ ಆಂಟಿಮನಿ ಬೆರೆಸಿರುತ್ತಾರೆ. ಹಿಂದೆ ಶೇ. 5ರಿಂದ 10ರವರೆಗೂ ಇತ್ತು, ಈಗ 2-3ರ ಆಸುಪಾಸು. ಪಕ್ಕದವರದರಲ್ಲಿ ಶೇ. 0.1ಕ್ಕಿಂತ ಕಡಿಮೆ ಕ್ಯಾಲ್ಸಿಯಂ, ಜೊತೆಗೆ ಸ್ವಲ್ಪ ತವರ. ಆಂಟಿಮನಿ ಧನ ಫಲಕದಿಂದ ಕರಗಿ ಋಣ ಫಲಕದ ಮೇಲೆ ಕೂತು, ಅಲ್ಲಿ ಹೈಡ್ರೋಜನ್ ಸುಲಭವಾಗಿ ಏಳುವಂತೆ ಮಾಡುತ್ತದೆ. ಮೇಲಿನ ಪತ್ರದ ಚಿಕ್ಕಮಗಳೂರಿನವರು ಮಾಲಿಬ್ಡಿನಂ ಬೆರೆಸಿ ಯಾವ ಗುಣವನ್ನು ಬೇಕೆಂದು ತರುತ್ತಿದ್ದಾರೋ, ನಿಮ್ಮಲ್ಲಿ ಆಂಟಿಮನಿ ಅದನ್ನು ಬೇಡವೆಂದರೂ ತರುತ್ತಿದೆ. ಹಾಗೆಂದು ಆಂಟಿಮನಿ ಕೆಟ್ಟದ್ದಲ್ಲ. ದಿನವೂ ಪೂರ್ತಿ ಖಾಲಿಯಾಗಿ ತುಂಬುವ ಕಡೆ ಧನ ಫಲಕ ಬಾಳುವುದು ಅದರಿಂದಲೇ. ಕರೆಂಟ್ ಬಹಳ ಹೋಗುವ ಊರಿಗೆ ಟ್ಯೂಬುಲರ್ರೇ ಸರಿ.

ಬೋರ್‌ವೆಲ್ ನೀರು ಬೇಡ. ಕಾಯಿಸಿದರೆ ಸುಣ್ಣದ ಒಂದು ಪಾಲು ಇಳಿಯಬಹುದು, ಕ್ಲೋರೈಡ್ ಮತ್ತು ಕಬ್ಬಿಣ ಉಳಿಯುತ್ತವೆ. ಕಬ್ಬಿಣ ಎರಡು ಫಲಕಗಳ ನಡುವೆ ಓಡಾಡಿ ಚಾರ್ಜನ್ನು ತಿನ್ನುತ್ತದೆ, ಕ್ಲೋರೈಡ್ ಧನ ಫಲಕವನ್ನು ಸವೆಸುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ. ಆಸಿಡ್ ಅಂತೂ ಸುರಿಯಲೇಬೇಡಿ, ಆರಿಹೋಗಿರುವುದು ನೀರು, ಆಸಿಡ್ ಒಳಗೇ ಇದೆ. ಪೂರ್ತಿ ಚಾರ್ಜ್ ಆದ ಮೇಲೆ ತುಂಬಿ. ಖಾಲಿ ಇರುವಾಗ ಗೆರೆಯವರೆಗೆ ತುಂಬಿದರೆ ಚಾರ್ಜ್ ಆಗುತ್ತಾ ಉಕ್ಕುತ್ತದೆ.

ತಿಂಗಳಿಗೆ ಎಷ್ಟು ನೀರು ಹೋಗುತ್ತಿದೆ ಎಂದು ಅಳೆದಿಡಿ. ತುಂಬಿದ ಬ್ಯಾಟರಿಗೆ ಹೆಚ್ಚುವರಿ 1 ಆಂಪಿಯರ್-ಗಂಟೆ ಹರಿದರೆ ಆರು ಸೆಲ್‌ಗಳೂ ಸೇರಿ 2 ಮಿ.ಲೀ. ನೀರು ಒಡೆಯುತ್ತದೆ. ಚಾರ್ಜರ್ 0.3 ಆಂಪಿಯರ್ ಅನ್ನು ಸದಾ ತಳ್ಳುತ್ತಿದ್ದರೆ ತಿಂಗಳಿಗೆ 430 ಮಿ.ಲೀ. ಆಯಿತು. ಅದಕ್ಕಿಂತ ಬಹಳ ಹೆಚ್ಚು ಕುಡಿಯುತ್ತಿದ್ದರೆ ತಪ್ಪು ಬ್ಯಾಟರಿಯದಲ್ಲ, ಚಾರ್ಜರ್‌ನದು. ಪೂರ್ತಿ ತುಂಬಿ ಗಂಟೆಗಳಾದ ಮೇಲೂ ವೋಲ್ಟೇಜ್ 14.4ರಲ್ಲೇ ನಿಂತಿದ್ದರೆ, ಮೆಕ್ಯಾನಿಕ್ ಕರೆಸಿ 13.5ರಿಂದ 13.8ಕ್ಕೆ ಇಳಿಯುವಂತೆ ಮಾಡಿಸಿ. ಒಂದೇ ಸೆಲ್ ಮಾತ್ರ ಬೇಗ ಒಣಗುತ್ತಿದ್ದರೆ ಆ ಸೆಲ್ ಒಳಗೇ ಶಾರ್ಟ್ ಇರಬಹುದು ಅಥವಾ ಅದರ ಪೆಟ್ಟಿಗೆ ಸೀಳಿರಬಹುದು. ಕೆಳಗೆ ಒದ್ದೆ ಇದೆಯೇ ನೋಡಿ. ಬ್ಯಾಟರಿ ಇಟ್ಟ ಮೂಲೆಗೆ ಗಾಳಿ ಆಡಲಿ, ಅಗರಬತ್ತಿ ಸ್ಟ್ಯಾಂಡನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಇಡಿ.